ದಿನಕ್ಕೊಂದು ಮಿಲಿಮೀಟರ್

ಮಗುವಿನ ಮುಖ ಒಂದು ಪಕ್ಕ ಸಣ್ಣದಿದೆ ಎಂದು ಗೊತ್ತಾದ ಕೂಡಲೇ ನಮ್ಮ ಮನೆಗಳಲ್ಲಿ ಏಳುವ ಮೊದಲ ಪ್ರಶ್ನೆ ತಾಯಿಯ ಮೇಲೆಯೇ ಬೀಳುತ್ತದೆ. ‘ಗ್ರಹಣದ ದಿನ ಹೊರಗೆ ಹೋಗಿದ್ಯೇನೇ?’ ಅತ್ತೆ ಕೇಳದಿದ್ದರೆ ಮಗು ನೋಡಲು ಬಂದ ನೆಂಟರು ಕೇಳುತ್ತಾರೆ. ಈಳಿಗೆಮಣೆ ಮುಟ್ಟಿದ್ಯಾ, ಚಾಕು ಹಿಡಿದಿದ್ಯಾ, ಯಾವ ಮಗ್ಗುಲಿಗೆ ಮಲಗುತ್ತಿದ್ದೆ ಎಂಬಲ್ಲಿಯವರೆಗೂ ವಿಚಾರಣೆ ನಡೆಯುತ್ತದೆ. ಹೆರಿಗೆಯ ನೋವು ಇನ್ನೂ ಆರಿರದ ಆ ಹೆಣ್ಣುಮಗಳು ಒಂಬತ್ತು ತಿಂಗಳ ದಿನಗಳನ್ನೆಲ್ಲ ಒಂದೊಂದಾಗಿ ಹಿಂದಕ್ಕೆ ತಿರುವಿ ತನ್ನ ತಪ್ಪು ಹುಡುಕುತ್ತಾ ಕೂರುತ್ತಾಳೆ.

ಅವಳಿಗೆ ಯಾರಾದರೂ ಹೇಳಬೇಕಾದ ಮಾತು ಇದು: ಅವಳ ಮಗುವಿನ ದವಡೆಗೆ ಆಗಿರುವುದು ಬಸಿರು ನಿಂತ ಮೊದಲ ಆರೇಳು ವಾರಗಳಲ್ಲೇ ಆಗಿಹೋದದ್ದು. ಎಷ್ಟೋ ಜನರಿಗೆ ತಾವು ಬಸುರಿ ಎಂಬುದೇ ಆಗ ಖಾತ್ರಿಯಾಗಿರುವುದಿಲ್ಲ. ಭ್ರೂಣದ ಕುತ್ತಿಗೆಯ ಜಾಗದಲ್ಲಿ ಆ ಹೊತ್ತಿಗೆ ಕಮಾನಿನಂಥ ಉಬ್ಬುಗಳು ಮೂಡುತ್ತವೆ. ಅದರಲ್ಲಿ ಮೊದಲೆರಡು ಕಮಾನುಗಳಿಂದ ಕೆಳದವಡೆ, ಅಗಿಯುವ ಸ್ನಾಯು, ಹೊರಕಿವಿ, ಕಿವಿಯೊಳಗಿನ ಪುಟ್ಟ ಮೂಳೆಗಳು ರೂಪುಗೊಳ್ಳುತ್ತವೆ. ಅಲ್ಲಿ ಒಂದು ಪಕ್ಕದ ಬೆಳವಣಿಗೆಗೆ ಪೆಟ್ಟು ಬಿದ್ದರೆ ಇಷ್ಟೂ ಒಟ್ಟಿಗೆ ಸೊರಗುತ್ತವೆ. ಅಲ್ಲಿನ ಎಳೆಯ ರಕ್ತನಾಳದಲ್ಲಿ ಸಣ್ಣದೊಂದು ಸ್ರಾವವಾಗಿ ಹೀಗಾಗಬಹುದು ಎಂದು ಪಾಸ್ವಿಲ್ಲೋ ಎಂಬ ಸಂಶೋಧಕರು 1973ರಲ್ಲಿ ಪ್ರಾಣಿಗಳ ಮೇಲಿನ ಪ್ರಯೋಗದಿಂದ ವಾದಿಸಿದರು. ತಾಯಿಗೆ ಮೊದಲೇ ಇದ್ದ ಸಕ್ಕರೆ ಕಾಯಿಲೆಗೂ ಅವಳಿ ಬಸಿರಿಗೂ ಇದರ ನಂಟು ಕಂಡುಬಂದಿದೆ. ಹೆಚ್ಚಿನ ಮಕ್ಕಳಲ್ಲಿ ಮಾತ್ರ ಮನೆತನದಲ್ಲಿ ಹಿಂದೆ ಯಾರಿಗೂ ಇರದೆ ಒಂದೇ ಒಂದು ಮಗುವಿಗೆ ಬರುತ್ತದೆ. ಸೂರ್ಯ ಚಂದ್ರರು ಇದರಲ್ಲಿ ಭಾಗಿಗಳಲ್ಲ, ಈಳಿಗೆಮಣೆಯೂ ಅಲ್ಲ.

ವೈದ್ಯರು ಇದನ್ನು ಹೆಮಿಫೇಶಿಯಲ್ ಮೈಕ್ರೊಸೋಮಿಯಾ ಎನ್ನುತ್ತಾರೆ. ಮುಖದ ಹುಟ್ಟು ದೋಷಗಳಲ್ಲಿ ಸೀಳುತುಟಿ, ಸೀಳು ಅಂಗುಳಿನ ನಂತರದ ಸ್ಥಾನ ಇದಕ್ಕೆ. ಪಠ್ಯಪುಸ್ತಕಗಳ ಪ್ರಕಾರ 3,500ರಿಂದ 5,600 ಹೆರಿಗೆಗೆ ಒಂದು ಮಗು. ಹಾಗಿದ್ದರೂ ಸೀಳುತುಟಿಯ ಬಗ್ಗೆ ಬಸ್ ನಿಲ್ದಾಣದ ಗೋಡೆಯಲ್ಲೂ ಫಲಕ ಕಂಡವರು ಇದರ ಹೆಸರನ್ನೇ ಕೇಳಿರುವುದಿಲ್ಲ. ಕಾರಣ ಸರಳ. ಸೀಳುತುಟಿ ಹುಟ್ಟಿದ ಕ್ಷಣಕ್ಕೇ ಕಾಣುತ್ತದೆ, ಒಂದು ಶಸ್ತ್ರಚಿಕಿತ್ಸೆಯಲ್ಲಿ ಮುಖ ಬದಲಾಗುತ್ತದೆ, ‘ಮೊದಲು’ ಮತ್ತು ‘ನಂತರ’ದ ಚಿತ್ರ ಪಕ್ಕಪಕ್ಕ ಹಾಕಬಹುದು. ಇದು ಹಾಗಲ್ಲ. ಕೂಸಿನ ಕೆನ್ನೆ ತುಂಬಿರುವಾಗ ದವಡೆಯ ಕೊರತೆ ಮುಚ್ಚಿಹೋಗಿರುತ್ತದೆ. ಕಿವಿಯ ಮುಂದೆ ಒಂದೆರಡು ಚರ್ಮದ ಗುಬುಟು, ಚಿಕ್ಕದಾಗಿ ಮಡಚಿದ ಕಿವಿ, ಅತ್ತಾಗ ಒಂದು ಬದಿಗೆ ಎಳೆಯುವ ಬಾಯಿ, ಇಷ್ಟೇ ಸುಳಿವು. ನಾಲ್ಕೈದು ವರ್ಷಕ್ಕೆ ಕೆನ್ನೆ ಇಳಿದ ಮೇಲೆ ಗದ್ದ ಓರೆಯಾಗಿರುವುದು, ನಕ್ಕಾಗ ಹಲ್ಲಿನ ಸಾಲು ಒಂದು ಕಡೆ ಮೇಲೇರಿರುವುದು ಕಣ್ಣಿಗೆ ಬೀಳುತ್ತದೆ. ಅದನ್ನು ಮೊದಲು ಗಮನಿಸುವವರು ಬಹಳ ಸಲ ಶಾಲೆಯ ಮಕ್ಕಳು. ‘ಸೊಟ್ಟಮೂತಿ’ ಎಂಬ ಹೆಸರು ಅಲ್ಲಿಯೇ ಅಂಟಿಕೊಳ್ಳುತ್ತದೆ.

ಗದ್ದ ಓರೆಯಾಗುವುದು ಹೇಗೆಂದರೆ, ಕೆಳದವಡೆ ಒಂದೇ ಮೂಳೆಯಾದರೂ ಅದು ಬೆಳೆಯುವುದು ಎರಡು ತುದಿಗಳಲ್ಲಿ, ಎರಡೂ ಕಿವಿಗಳ ಮುಂದಿನ ಕೀಲಿನ ಬಳಿ. ಅಲ್ಲಿಂದ ಕೆಳಗಿಳಿಯುವ ಲಂಬ ಭಾಗ ಒಂದು ಕಡೆ ಗಿಡ್ಡವಾಗಿದ್ದರೆ, ಜೋಡೆತ್ತಿನಲ್ಲಿ ಒಂದು ಹಿಂದೆ ಬಿದ್ದಾಗ ಗಾಡಿ ಅತ್ತಲೇ ಹೊರಳುವಂತೆ ಗದ್ದ ಆ ಬದಿಗೆ ಹೊರಳುತ್ತದೆ. ಮೇಲ್ದವಡೆಯ ಹಲ್ಲುಗಳಿಗೆ ಆ ಪಕ್ಕದಲ್ಲಿ ಕೆಳಗಿಳಿಯಲು ಜಾಗ ಸಿಗದೆ ಅವೂ ಓರೆಯಾಗುತ್ತವೆ. ಪ್ರುಜಾನ್‌ಸ್ಕಿ ಎಂಬ ಅಮೆರಿಕದ ದಂತವೈದ್ಯರು 1969ರಲ್ಲಿ ಈ ಕೊರತೆಯನ್ನು ಮೂರು ದರ್ಜೆಗಳಾಗಿ ವಿಂಗಡಿಸಿದರು. ಮೊದಲನೆಯದರಲ್ಲಿ ಎಲ್ಲ ಭಾಗಗಳೂ ಇವೆ, ಗಾತ್ರ ಮಾತ್ರ ಚಿಕ್ಕದು. ಮೂರನೆಯದರಲ್ಲಿ ಕೀಲೂ ಇಲ್ಲ, ಲಂಬ ಭಾಗವೂ ಇಲ್ಲ. ನಡುವಿನದರಲ್ಲಿ ಎರಡು ಒಳಬಗೆಗಳಿವೆ, ಅದು ಮುಂದೆ ಬಂದ ಪರಿಷ್ಕರಣೆ. ಇಂದಿಗೂ ಸ್ಕ್ಯಾನ್ ನೋಡಿದ ಸರ್ಜನ್ ಬರೆಯುವ ಮೊದಲ ಸಾಲು ಈ ದರ್ಜೆಯೇ.

ಸೈಬೀರಿಯಾದಿಂದ ಬಂದ ಉಪಾಯ

ಗಿಡ್ಡವಾದ ಮೂಳೆಯನ್ನು ಉದ್ದ ಮಾಡುವುದು ಹೇಗೆ? ಬಹುಕಾಲ ಇದ್ದ ಉತ್ತರ, ಬೇರೆ ಕಡೆಯಿಂದ ಮೂಳೆ ತಂದು ಕಸಿ ಮಾಡುವುದು. ಪಕ್ಕೆಲುಬಿನ ತುಂಡನ್ನು ಅದರ ತುದಿಯ ಮೃದ್ವಸ್ಥಿಯ ಸಮೇತ ತೆಗೆದು ದವಡೆಗೆ ಜೋಡಿಸುತ್ತಿದ್ದರು. ಕೀಲೇ ಇಲ್ಲದ ಮಕ್ಕಳಿಗೆ ಈಗಲೂ ಇದು ಬೇಕಾಗುತ್ತದೆ. ಆದರೆ ಹಾಗೆ ನೆಟ್ಟ ಪಕ್ಕೆಲುಬು ಕೆಲವೊಮ್ಮೆ ಬೆಳೆಯುವುದೇ ಇಲ್ಲ, ಕೆಲವೊಮ್ಮೆ ಅಳತೆ ಮೀರಿ ಬೆಳೆದು ಗದ್ದವನ್ನು ಇನ್ನೊಂದು ದಿಕ್ಕಿಗೆ ತಳ್ಳುತ್ತದೆ.

ಇನ್ನೊಂದು ಉತ್ತರ ಬಂದದ್ದು ಮುಖಕ್ಕೂ ಹಲ್ಲಿಗೂ ಸಂಬಂಧವೇ ಇಲ್ಲದ ಕಡೆಯಿಂದ. ಗವ್ರೀಲ್ ಇಲಿಜರೋವ್ ಎರಡನೆಯ ಮಹಾಯುದ್ಧದ ಕೊನೆಯ ಹೊತ್ತಿಗೆ ಸೋವಿಯತ್ ಒಕ್ಕೂಟದ ಕುರ್ಗಾನ್ ಪ್ರಾಂತ್ಯದ ಹಳ್ಳಿಯೊಂದಕ್ಕೆ ವೈದ್ಯರಾಗಿ ಹೋದವರು. ಯುದ್ಧದಲ್ಲಿ ಕಾಲು ಮುರಿದು ಸರಿಯಾಗಿ ಕೂಡದ ರೋಗಿಗಳೇ ಸುತ್ತಮುತ್ತ. ಉಕ್ಕಿನ ಬಳೆಗಳಿಗೆ ಸೈಕಲ್ ಚಕ್ರದ ಕಡ್ಡಿಯಂಥ ತಂತಿಗಳನ್ನು ಬಿಗಿದು, ಅವನ್ನು ಮೂಳೆಯಲ್ಲಿ ಅಡ್ಡ ತೂರಿಸಿ, ಬಳೆಗಳ ನಡುವಿನ ಸರಳುಗಳ ನಟ್ಟು ತಿರುಗಿಸಿ ಮುರಿದ ತುದಿಗಳನ್ನು ಒತ್ತಿಹಿಡಿಯುವ ಸಾಧನವನ್ನು 1950ರ ದಶಕದ ಆರಂಭದಲ್ಲಿ ಅವರು ರೂಪಿಸಿದರು. ಒಬ್ಬ ರೋಗಿ ನಟ್ಟನ್ನು ತಪ್ಪು ದಿಕ್ಕಿಗೆ ತಿರುಗಿಸಿದ, ಮೂಳೆಯ ತುದಿಗಳು ಒತ್ತಿಕೊಳ್ಳುವ ಬದಲು ದೂರ ಸರಿದವು, ಎಕ್ಸ್‌ರೇ ನೋಡಿದರೆ ನಡುವಿನ ಖಾಲಿ ಜಾಗದಲ್ಲಿ ಹೊಸ ಮೂಳೆ ಕಾಣುತ್ತಿತ್ತು ಎಂಬ ಕಥೆ ಈ ವಲಯದಲ್ಲಿ ಎಲ್ಲರ ಬಾಯಲ್ಲೂ ಇದೆ. ಕಥೆ ಎಷ್ಟು ನಿಜವೋ, ಅದರ ಹಿಂದಿನ ತತ್ವ ಮಾತ್ರ ಪೂರ್ಣ ನಿಜ: ಕತ್ತರಿಸಿದ ಮೂಳೆಯ ತುದಿಗಳನ್ನು ನಿಧಾನವಾಗಿ, ಒಂದೇ ಸಮನೆ ಎಳೆದರೆ ನಡುವೆ ಹೊಸ ಮೂಳೆ ಹುಟ್ಟುತ್ತದೆ. ಜೊತೆಗೆ ಸ್ನಾಯು, ನರ, ರಕ್ತನಾಳ, ಚರ್ಮ ಎಲ್ಲವೂ ಹಿಗ್ಗಿ ಬೆಳೆಯುತ್ತವೆ.

ಎಷ್ಟು ನಿಧಾನ? ದಿನಕ್ಕೆ ಒಂದು ಮಿಲಿಮೀಟರ್. ಅದನ್ನೂ ಒಂದೇ ಸಲಕ್ಕಲ್ಲ, ಕಾಲು ಮಿಲಿಮೀಟರಿನಂತೆ ನಾಲ್ಕು ಸಲ. ಇದಕ್ಕಿಂತ ಅವಸರ ಮಾಡಿದರೆ ನಡುವೆ ನಾರು ತುಂಬುತ್ತದೆ, ಮೂಳೆ ಕೂಡುವುದಿಲ್ಲ. ತೀರ ತಡ ಮಾಡಿದರೆ ಎಳೆಯುವ ಮೊದಲೇ ಕೂಡಿಬಿಡುತ್ತದೆ. ಈ ಅಳತೆಯನ್ನು ಇಲಿಜರೋವ್ ನಾಯಿಗಳ ಮೇಲಿನ ಪ್ರಯೋಗಗಳಿಂದ ಖಚಿತಪಡಿಸಿದರು.

1964ರ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಎತ್ತರ ಜಿಗಿತದ ಚಿನ್ನ ಗೆದ್ದ ವಲೇರಿ ಬ್ರುಮೆಲ್ ಮರುವರ್ಷ ಮೋಟಾರ್‌ಸೈಕಲ್ ಅಪಘಾತದಲ್ಲಿ ಕಾಲು ನುಜ್ಜುಗುಜ್ಜು ಮಾಡಿಕೊಂಡು, ಹಲವು ಶಸ್ತ್ರಚಿಕಿತ್ಸೆಗಳ ನಂತರ ಕುರ್ಗಾನ್‌ಗೆ ಬಂದು ನಡೆಯುವಂತಾದಾಗ ಇಲಿಜರೋವ್ ಹೆಸರು ಸೋವಿಯತ್ ದೇಶದಲ್ಲಿ ಮನೆಮಾತಾಯಿತು. ಪಶ್ಚಿಮದ ದೇಶಗಳಿಗೆ ಈ ವಿದ್ಯೆ ತಲುಪಲು 1981ರಲ್ಲಿ ಇಟಲಿಯವರು ಅವರನ್ನು ಕರೆಸುವವರೆಗೆ ಕಾಯಬೇಕಾಯಿತು. ನಮ್ಮಲ್ಲೂ ಈಗ ಅಪಘಾತದಲ್ಲಿ ಕಾಲು ಮುರಿದವರ ಮನೆಗೆ ಹೋದರೆ ‘ರಿಂಗ್ ಹಾಕಿದ್ದಾರೆ’ ಎನ್ನುತ್ತಾರಲ್ಲ, ಆ ರಿಂಗ್ ಇದೇ.

ಕಾಲಿನದನ್ನು ದವಡೆಗೆ ತರುವುದು ಸುಲಭವಿರಲಿಲ್ಲ. ಕಾಲಿನ ಮೂಳೆಯಂತೆ ದವಡೆ ನೇರವಲ್ಲ. ಅದರೊಳಗೆ ತುಟಿಗೆ ಸ್ಪರ್ಶ ಕೊಡುವ ನರ ಓಡುತ್ತದೆ, ಇನ್ನೂ ಹೊರಬರದ ಹಲ್ಲಿನ ಮೊಳಕೆಗಳು ಹುದುಗಿರುತ್ತವೆ. ಅಮೆರಿಕದಲ್ಲಿ ಸ್ನೈಡರ್ ತಂಡ 1973ರಲ್ಲಿ ನಾಯಿಯ ದವಡೆಯನ್ನು ಹೀಗೆ ಎಳೆದು ತೋರಿಸಿತು. ಆಮೇಲೆ ಸುಮಾರು ಹದಿನೈದು ವರ್ಷ ಅದು ಪ್ರಯೋಗಾಲಯದಿಂದ ಹೊರಗೆ ಬರಲಿಲ್ಲ. ನ್ಯೂಯಾರ್ಕ್ ವಿಶ್ವವಿದ್ಯಾಲಯದ ಪ್ಲಾಸ್ಟಿಕ್ ಸರ್ಜನ್ ಜೋಸೆಫ್ ಮೆಕಾರ್ಥಿ 1989ರಲ್ಲಿ ಮೊದಲ ಸಲ ಮಗುವೊಂದರ ದವಡೆಗೆ ಸಾಧನ ಹಾಕಿದರು. ಒಟ್ಟು ನಾಲ್ಕು ಮಕ್ಕಳ ಫಲಿತಾಂಶವನ್ನು 1992ರಲ್ಲಿ ಪ್ರಕಟಿಸಿದರು. ಎರಡು ಸೆಂಟಿಮೀಟರ್ ಆಸುಪಾಸಿನಷ್ಟು ದವಡೆ ಉದ್ದವಾಗಿತ್ತು, ಮೂಳೆ ಕಸಿ ಇಲ್ಲದೆ, ರಕ್ತ ಕೊಡಿಸುವ ಗೋಜಿಲ್ಲದೆ. ಮೂರೇ ವರ್ಷದಲ್ಲಿ ಮೆಕ್ಸಿಕೋ ನಗರದಿಂದ ಮೊಲಿನಾ ಮತ್ತು ಓರ್ತಿಸ್ ಮೊನಾಸ್ತೇರಿಯೊ 106 ರೋಗಿಗಳ ಅನುಭವ ಬರೆದರು. ಅವರ ಲೇಖನದ ತಲೆಬರಹದಲ್ಲೇ ದೊಡ್ಡ ಶಸ್ತ್ರಚಿಕಿತ್ಸೆಗಳಿಗೆ ವಿದಾಯ ಹೇಳುವ ಉತ್ಸಾಹವಿತ್ತು. ಆ ಉತ್ಸಾಹದ ವಿಷಯಕ್ಕೆ ಮುಂದೆ ಬರುತ್ತೇನೆ.

ಅಪ್ಪನ ಕೈಯಲ್ಲಿ ಸ್ಕ್ರೂಡ್ರೈವರ್

ಈ ಚಿಕಿತ್ಸೆಯ ವಿಶೇಷವೆಂದರೆ ಅದರ ಮುಖ್ಯ ಭಾಗ ಆಪರೇಷನ್ ಥಿಯೇಟರಿನಲ್ಲಿ ನಡೆಯುವುದಿಲ್ಲ, ಮನೆಯಲ್ಲಿ ನಡೆಯುತ್ತದೆ.

ಥಿಯೇಟರಿನಲ್ಲಿ ಸರ್ಜನ್ ಬಾಯಿಯ ಒಳಗಿನಿಂದಲೋ ದವಡೆಯ ಕೆಳಗಿನಿಂದಲೋ ಮೂಳೆಯನ್ನು ತಲುಪಿ, ನರವನ್ನೂ ಹಲ್ಲಿನ ಮೊಳಕೆಗಳನ್ನೂ ತಪ್ಪಿಸಿ ಕತ್ತರಿಸುತ್ತಾರೆ. ಕತ್ತರಿಸಿದ ಎರಡೂ ಬದಿಗೆ ಟೈಟೇನಿಯಮ್ಮಿನ ಪುಟ್ಟ ಪಟ್ಟಿಗಳನ್ನು ಸ್ಕ್ರೂ ಹಾಕಿ ಕೂರಿಸುತ್ತಾರೆ. ಎರಡು ಪಟ್ಟಿಗಳ ನಡುವೆ ಮರೆಯಿರುವ ಒಂದು ಸಣ್ಣ ದಂಡ, ಅದರ ತುದಿ ಮಾತ್ರ ಕಿವಿಯ ಕೆಳಗೆ ಚರ್ಮದಿಂದ ಅಥವಾ ಬಾಯಿಯೊಳಗೆ ತುಸು ಹೊರಗೆ ಇಣುಕುತ್ತಿರುತ್ತದೆ. ಮೊದಲ ಕಾಲದ ಸಾಧನಗಳು ಪೂರ್ತಿ ಕೆನ್ನೆಯ ಹೊರಗೇ ಇರುತ್ತಿದ್ದವು. ಎಳೆದಂತೆಲ್ಲ ಪಿನ್ನುಗಳು ಚರ್ಮದ ಮೇಲೆ ಗೆರೆ ಎಳೆದು ಕಲೆ ಬಿಡುತ್ತಿದ್ದವು. ಮುಖ ಸರಿಮಾಡಲು ಹೋಗಿ ಮುಖಕ್ಕೇ ಗಾಯದ ಗುರುತು. ಒಳಗೆ ಕೂರುವ ಸಾಧನಗಳು ಬಂದ ಮೇಲೆ ಆ ಕಾಟ ಬಹಳ ಕಡಿಮೆಯಾಗಿದೆ, ಆದರೆ ಅವನ್ನು ತೆಗೆಯಲು ಇನ್ನೊಂದು ಆಪರೇಷನ್ ಬೇಕು.

ಐದರಿಂದ ಏಳು ದಿನ ಏನೂ ಮಾಡದೆ ಬಿಡುತ್ತಾರೆ. ಗಾಯ ಮಾಯಲು ದೇಹ ತನ್ನ ಕೆಲಸ ಶುರು ಮಾಡಿರಬೇಕು. ಆಮೇಲೆ ತಿರುಗಿಸುವುದು. ಮೊದಲೊಂದೆರಡು ಸಲ ಆಸ್ಪತ್ರೆಯಲ್ಲಿ ವೈದ್ಯರು ತೋರಿಸುತ್ತಾರೆ, ನಂತರ ಆ ಕೆಲಸ ಅಪ್ಪ ಅಮ್ಮನದು. ಮನೆಯಲ್ಲಿ ನಾಲ್ಕು ಸಲದ ಬದಲು ಎರಡೇ ಸಲ: ಬೆಳಿಗ್ಗೆ ಅರ್ಧ ಮಿಲಿಮೀಟರ್, ಸಂಜೆ ಅರ್ಧ ಮಿಲಿಮೀಟರ್. ಕೈ ತೊಳೆದು, ದಂಡದ ತುದಿಯ ಸುತ್ತ ಕಟ್ಟಿದ ಪೊರೆಯನ್ನು ಹತ್ತಿಯಿಂದ ಒರೆಸಿ, ಗಡಿಯಾರದ ಸ್ಕ್ರೂಡ್ರೈವರಿನಷ್ಟು ಚಿಕ್ಕ ಸಾಧನವನ್ನು ಕೂರಿಸಬೇಕು. ಹಿಡಿಯ ಮೇಲೆ ತಿರುಗಿಸಬೇಕಾದ ದಿಕ್ಕಿಗೆ ಬಾಣದ ಗುರುತಿರುತ್ತದೆ. ಹೇಳಿದಷ್ಟು ಸುತ್ತು ತಿರುಗಿಸಿ, ಗೋಡೆಯ ಕ್ಯಾಲೆಂಡರಿನಲ್ಲಿ ಆ ದಿನದ ಚೌಕಕ್ಕೆ ಒಂದು ಗೆರೆ. ಸಂಜೆ ಇನ್ನೊಂದು. ಗೆರೆ ಹಾಕಲು ಮರೆತರೆ ‘ಬೆಳಿಗ್ಗೆ ತಿರುಗಿಸಿದ್ರಾ ಇಲ್ವಾ’ ಎಂಬ ಜಗಳ ಖಾಯಂ. ಅನುಮಾನವಿದ್ದಾಗ ಇನ್ನೊಮ್ಮೆ ತಿರುಗಿಸಬಾರದು, ಆಸ್ಪತ್ರೆಗೆ ಫೋನ್ ಮಾಡಬೇಕು.

ನೋಯುತ್ತದೆಯೇ? ತಿರುಗಿಸಿದಾಗ ಬಿಗಿತ, ಒಂದಿಷ್ಟು ಹೊತ್ತು ಎಳೆತ. ಕೊನೆಕೊನೆಗೆ ಚರ್ಮವೂ ಸ್ನಾಯುವೂ ಬಿಗಿಯಾಗಿ ನೋವು ಜಾಸ್ತಿಯಾಗಬಹುದು. ಸಣ್ಣ ಮಕ್ಕಳಿಗೆ ನೋವಿಗಿಂತ ಆ ಸ್ಕ್ರೂಡ್ರೈವರ್ ಕಂಡರೆ ಹೆದರಿಕೆ. ಊಟ ಅಷ್ಟೂ ದಿನ ಮೆತ್ತಗೆ: ರಾಗಿ ಅಂಬಲಿ, ಹಿಸುಕಿದ ಅನ್ನ ಸಾರು, ಬಾಳೆಹಣ್ಣು. ಹಬ್ಬ ನಡುವೆ ಬಂದರೆ ಚಕ್ಕುಲಿ ಡಬ್ಬಿಯನ್ನು ಅಟ್ಟದ ಮೇಲಿಡುವುದೇ ಕ್ಷೇಮ.

ಎರಡು ವಾರ, ಮೂರು ವಾರ ಹೀಗೆ ನಡೆದು ಬೇಕಾದಷ್ಟು ಉದ್ದ ಬಂದ ಮೇಲೆ ತಿರುಗಿಸುವುದು ನಿಲ್ಲುತ್ತದೆ. ಸಾಧನ ಮಾತ್ರ ಅಲ್ಲೇ ಇರುತ್ತದೆ, ಎರಡು ತಿಂಗಳು, ಕೆಲವೊಮ್ಮೆ ಮೂರು. ಮೊದಮೊದಲು ಎಕ್ಸ್‌ರೇಯಲ್ಲಿ ಆ ಜಾಗ ಖಾಲಿ ಕಪ್ಪಾಗಿ ಕಾಣುತ್ತದೆ. ಎಷ್ಟೋ ತಂದೆತಾಯಿಗಳು ಅದನ್ನು ನೋಡಿ ಎದೆ ಒಡೆದುಕೊಳ್ಳುತ್ತಾರೆ. ವಾರಗಳು ಕಳೆದಂತೆ ಅಲ್ಲಿ ಎಳೆದ ದಿಕ್ಕಿಗೇ ಸಾಲುಗಟ್ಟಿದ ತೆಳು ಬಿಳಿ ಎಳೆಗಳು ಮೂಡಿ, ದಟ್ಟವಾಗಿ, ಕೊನೆಗೆ ಅಕ್ಕಪಕ್ಕದ ಮೂಳೆಯಿಂದ ಬೇರೆ ಮಾಡಿ ಹೇಳಲಾಗದಂತಾಗುತ್ತದೆ.

ಅಷ್ಟರಲ್ಲಿ ಬಾಯಿಯೊಳಗೆ ಇನ್ನೊಂದು ಸಮಸ್ಯೆ ಎದ್ದಿರುತ್ತದೆ. ಗಿಡ್ಡ ಪಕ್ಕದ ದವಡೆ ಕೆಳಗಿಳಿದ ಮೇಲೆ ಆ ಬದಿಯ ಮೇಲಿನ ಹಲ್ಲಿಗೂ ಕೆಳಗಿನ ಹಲ್ಲಿಗೂ ಮಧ್ಯೆ ಅಂತರ ಬೀಳುತ್ತದೆ. ಅದನ್ನು ತುಂಬಲು ವಕ್ರದಂತ ತಜ್ಞರು ಅಕ್ರಿಲಿಕ್ಕಿನ ಒಂದು ತುಂಡನ್ನು ಕೂರಿಸುತ್ತಾರೆ. ಪ್ರತಿ ಭೇಟಿಯಲ್ಲೂ ಅದನ್ನು ಮೇಲಿನ ಬದಿಯಿಂದ ಸ್ವಲ್ಪ ಸ್ವಲ್ಪ ಉಜ್ಜಿ ತೆಳುವಾಗಿಸುತ್ತಾ ಹೋದರೆ ಮೇಲಿನ ಹಲ್ಲುಗಳು ಆ ಖಾಲಿ ಜಾಗಕ್ಕೆ ತಾವಾಗಿ ಇಳಿದು ಬರುತ್ತವೆ. ತಿಂಗಳುಗಟ್ಟಲೆ ಹಿಡಿಯುವ, ಯಾರೂ ಚಪ್ಪಾಳೆ ತಟ್ಟದ ಕೆಲಸ ಇದು. ಇದನ್ನು ಅರ್ಧಕ್ಕೆ ಬಿಟ್ಟವರಲ್ಲಿ ಎಳೆದು ತಂದ ದವಡೆಗೆ ಆಸರೆ ಸಿಗದೆ ಫಲ ಕೈತಪ್ಪುತ್ತದೆ. ಊರು ದೂರ, ಬಸ್ಸಿನ ಖರ್ಚು, ಕೂಲಿ ತಪ್ಪುತ್ತದೆ ಎಂದು ಹೀಗೆ ಬಿಡುವವರು ಕಡಿಮೆಯಿಲ್ಲ. ಶಸ್ತ್ರಚಿಕಿತ್ಸೆಗೆ ನೆರವಾಗುವ ದಾನಿಗಳು ಅದರ ನಂತರದ ಬಸ್ ಚಾರ್ಜಿಗೂ ದುಡ್ಡು ಕೊಟ್ಟರೆ ಎಷ್ಟೋ ಮಕ್ಕಳ ದವಡೆ ಉಳಿಯುತ್ತದೆ ಎಂದು ನನಗನ್ನಿಸುತ್ತದೆ.

ಹತ್ತು ವರ್ಷದ ನಂತರದ ಫೋಟೋ

ಈಗ ಆ ಉತ್ಸಾಹದ ವಿಷಯ.

ಆರು ವರ್ಷದ ಮಗುವಿನ ದವಡೆ ಎಳೆದು ಮುಖ ನೇರವಾಯಿತು ಎನ್ನಿ. ಒಂದು ವರ್ಷದ ನಂತರ ತೆಗೆದ ಫೋಟೋ ನೋಡಿದರೆ ಸಂತೋಷವಾಗುತ್ತದೆ. ಹದಿನಾರನೇ ವಯಸ್ಸಿನಲ್ಲಿ? ಇಲ್ಲಿಯೇ ಇರುವುದು ತೊಡಕು. ಎಳೆದದ್ದರಿಂದ ಉದ್ದ ಸಿಕ್ಕಿತು, ಬೆಳೆಯುವ ಶಕ್ತಿ ಸಿಗಲಿಲ್ಲ. ಒಂದು ಕಾಲ್ಪನಿಕ ಲೆಕ್ಕ ಹಾಕೋಣ. ಒಳ್ಳೆಯ ಪಕ್ಕದ ಲಂಬ ಭಾಗ 40 ಮಿಲಿಮೀಟರ್, ಕೊರತೆಯ ಪಕ್ಕದ್ದು 28. ಹನ್ನೆರಡು ಮಿಲಿಮೀಟರ್ ಎಳೆದು ಎರಡನ್ನೂ ಸಮ ಮಾಡಿದೆವು. ಮುಂದಿನ ಹತ್ತು ವರ್ಷದಲ್ಲಿ ಒಳ್ಳೆಯ ಪಕ್ಕ 20 ಬೆಳೆದರೆ, ಕೊರತೆಯ ಪಕ್ಕ ತನ್ನ ಹಳೆಯ ವೇಗದಲ್ಲೇ 14 ಬೆಳೆಯುತ್ತದೆ. ಮತ್ತೆ ಆರು ಮಿಲಿಮೀಟರ್ ಓರೆ. ಇದು ಕಾಗದದ ಮೇಲಿನ ಲೆಕ್ಕ. ವಾಸ್ತವ ಇದಕ್ಕಿಂತ ಕಟು, ಏಕೆಂದರೆ ಆ ಪಕ್ಕದ ಗಿಡ್ಡ ಸ್ನಾಯುಗಳು ಹೊಸ ಮೂಳೆಯನ್ನು ಹಿಂದಕ್ಕೆ ಜಗ್ಗುತ್ತಲೇ ಇರುತ್ತವೆ. ಬಾಲ್ಯದಲ್ಲಿ ದವಡೆ ಎಳೆಸಿಕೊಂಡವರನ್ನು ಬೆಳವಣಿಗೆ ಮುಗಿಯುವವರೆಗೆ ಹಿಂಬಾಲಿಸಿದ ಮಿಲಾನಿನ ತಂಡ 2012ರಲ್ಲಿ ಪ್ರಕಟಿಸಿದ ಫಲಿತಾಂಶ ಅಷ್ಟೇನೂ ಹಿತವಾಗಿರಲಿಲ್ಲ. ಮುಖದ ಓರೆ ಬಹುಮಟ್ಟಿಗೆ ಮೊದಲಿನ ಪ್ರಮಾಣಕ್ಕೇ ಮರಳಿತ್ತು. ಅದಕ್ಕೂ ಮುಂಚೆ, 2009ರಲ್ಲಿ, ಅಲ್ಲಿಯವರೆಗಿನ ಅಧ್ಯಯನಗಳನ್ನೆಲ್ಲ ಒಟ್ಟಿಗೆ ತೂಗಿ ನೋಡಿದ ಯುರೋಪಿನ ಸಂಶೋಧಕರು ಚಿಕ್ಕ ವಯಸ್ಸಿನಲ್ಲಿ ಮಾಡುವ ಈ ಚಿಕಿತ್ಸೆ ದೀರ್ಘಕಾಲ ಉಳಿಯುತ್ತದೆ ಎನ್ನಲು ಪುರಾವೆ ಇಲ್ಲ ಎಂದೇ ಬರೆದಿದ್ದರು.

ಇದರ ಬೇರಿನಲ್ಲಿ ಇನ್ನೊಂದು ಹಳೆಯ ವಾದವಿದೆ. ಮಗು ಬೆಳೆದಂತೆ ಈ ಓರೆ ತಾನಾಗಿಯೇ ಹೆಚ್ಚುತ್ತಾ ಹೋಗುತ್ತದೆಯೇ? ಹೌದು, ಆದ್ದರಿಂದ ಬೇಗ ಕೈಹಾಕಬೇಕು ಎಂದು ಬಾಸ್ಟನ್ನಿನ ಕಾಬನ್ ಮತ್ತು ಜೊತೆಗಾರರು ವಾದಿಸಿದರು. ಇಲ್ಲ, ಎರಡೂ ಪಕ್ಕ ಬೆಳೆಯುತ್ತವೆ, ನಡುವಿನ ಅನುಪಾತ ಹೆಚ್ಚುಕಡಿಮೆ ಹಾಗೇ ಇರುತ್ತದೆ ಎಂದು ಶಿಕಾಗೋದ ಪಾಲಿ ತಂಡ ಚಿಕಿತ್ಸೆ ಪಡೆಯದ ಮಕ್ಕಳ ವರ್ಷವರ್ಷದ ಎಕ್ಸ್‌ರೇ ಅಳೆದು 1997ರಲ್ಲಿ ತೋರಿಸಿತು. ಎರಡನೆಯದು ಸರಿಯಾದರೆ ಕಾಯುವುದರಿಂದ ಕೆಡುವುದು ಕಡಿಮೆ. ಮೊದಲನೆಯ ಗುಂಪಿನವರು ಇಂದಿಗೂ ಇದ್ದಾರೆ. ಅವರ ಮಾತಿನಲ್ಲಿ ತಳ್ಳಿಹಾಕಲಾಗದ ಅಂಶವೊಂದಿದೆ: ಆರರಿಂದ ಹದಿನಾರರವರೆಗಿನ ಹತ್ತು ವರ್ಷ ಮಗು ಅದೇ ಮುಖ ಹೊತ್ತು ಶಾಲೆಗೆ ಹೋಗಬೇಕು. ಆ ಹತ್ತು ವರ್ಷಕ್ಕೆ ಬೆಲೆ ಇಲ್ಲವೇ?

ಇದೆ. ಆದರೆ ಇಷ್ಟನ್ನೂ ಓದಿ, ನೋಡಿ ನಾನು ಬಂದಿರುವ ನಿಲುವು, ಬರೀ ಅಂದಕ್ಕಾಗಿ ಎಳೆಯ ಮಗುವಿನ ದವಡೆ ಕತ್ತರಿಸುವುದಕ್ಕೆ ಅವಸರ ಬೇಡ ಎಂಬುದು. ಬೆಳವಣಿಗೆ ಮುಗಿದ ಮೇಲೆ, ಹೆಣ್ಣುಮಕ್ಕಳಿಗೆ ಹದಿನೈದು ಹದಿನಾರು, ಗಂಡುಮಕ್ಕಳಿಗೆ ಹದಿನೇಳು ಹದಿನೆಂಟರ ಹೊತ್ತಿಗೆ, ಮೇಲ್ದವಡೆ ಕೆಳದವಡೆ ಎರಡನ್ನೂ ಸರಿಪಡಿಸುವ ಒಂದು ಶಸ್ತ್ರಚಿಕಿತ್ಸೆ ಈ ಮಕ್ಕಳಲ್ಲಿ ಅನೇಕರಿಗೆ ಹೇಗಿದ್ದರೂ ಬೇಕಾಗುತ್ತದೆ. ಮೊದಲು ಎಳೆಸಿಕೊಂಡಿದ್ದರೂ ಬೇಕಾಗುತ್ತದೆ. ನಡುವೆ ಕೆನ್ನೆಯ ಗುಳಿ ತುಂಬಲು ಹೊಟ್ಟೆಯ ಕೊಬ್ಬನ್ನು ಸೂಜಿಯಿಂದ ಚುಚ್ಚಿ ತುಂಬುವ ಸಣ್ಣ ಉಪಾಯವೂ ಇದೆ. ಒಂದು ಆಪರೇಷನ್ನಿನಿಂದ ಶಾಶ್ವತವಾಗಿ ಸರಿಹೋಗುತ್ತದೆ ಎಂದು ಯಾರಾದರೂ ಭರವಸೆ ಕೊಟ್ಟರೆ ಇನ್ನೊಬ್ಬರ ಅಭಿಪ್ರಾಯ ಕೇಳಿ.

ಉಸಿರಿನ ಪ್ರಶ್ನೆ ಬಂದಾಗ

ಮೇಲಿನ ಮಾತೆಲ್ಲ ತಲೆಕೆಳಗಾಗುವ ಸಂದರ್ಭವೊಂದಿದೆ. ಕೆಳದವಡೆ ತೀರ ಚಿಕ್ಕದಿದ್ದರೆ ನಾಲಗೆಗೆ ಮುಂದೆ ಜಾಗವಿಲ್ಲದೆ ಹಿಂದಕ್ಕೆ ಬಿದ್ದು ಗಂಟಲನ್ನು ಮುಚ್ಚುತ್ತದೆ. ಪಿಯರ್ ರಾಬಿನ್ ಎಂಬ ಫ್ರೆಂಚ್ ವೈದ್ಯರು 1923ರಲ್ಲಿ ಬರೆದ, ಈಗ ಅವರದೇ ಹೆಸರಿನಿಂದ ಕರೆಯುವ ಸ್ಥಿತಿ ಇದು. ಅಂಗಾತ ಮಲಗಿಸಿದರೆ ಕೂಸು ನೀಲಿಯಾಗುತ್ತದೆ, ಹಾಲು ಕುಡಿಯುವಾಗ ಏದುಸಿರು, ತೂಕ ಏರುವುದಿಲ್ಲ. ಎಷ್ಟೋ ಕೂಸುಗಳನ್ನು ಬೋರಲು ಅಥವಾ ಮಗ್ಗುಲಾಗಿ ಮಲಗಿಸಿ ನೋಡಿಕೊಂಡರೆ ಸಾಕಾಗುತ್ತದೆ, ಅದೂ ವೈದ್ಯರ ಕಣ್ಗಾವಲಿನಲ್ಲಿ. ಅದಕ್ಕೂ ಬಗ್ಗದಿದ್ದರೆ ಹಿಂದೆ ಗಂಟಲಿಗೆ ತೂತು ಮಾಡಿ ನಳಿಗೆ ಹಾಕುವುದೇ ಬಹಳ ಸಲ ದಾರಿಯಾಗಿತ್ತು. ಆ ನಳಿಗೆಯೊಂದಿಗೆ ಹಳ್ಳಿಯ ಮನೆಯಲ್ಲಿ ಕೂಸನ್ನು ವರ್ಷಗಟ್ಟಲೆ ಕಾಯುವುದು ಎಂದರೇನೆಂದು ಯೋಚಿಸಿ: ಕಫ ಕಟ್ಟಿದರೆ ಎಳೆಯುವ ಯಂತ್ರ ಬೇಕು, ಯಂತ್ರಕ್ಕೆ ಕರೆಂಟು ಬೇಕು.

ಇಂಥ ಕೂಸಿಗೆ ಎರಡೂ ಪಕ್ಕದ ದವಡೆಯನ್ನು ಎಳೆದರೆ ನಾಲಗೆ ಮುಂದೆ ಬಂದು ಉಸಿರಿನ ದಾರಿ ತೆರೆಯುತ್ತದೆ. ಎಳೆಯ ಮೂಳೆ ಬೇಗ ಕೂಡುವುದರಿಂದ ಕಾಯುವ ದಿನಗಳೂ ಕಡಿಮೆ, ಎಳೆಯುವ ವೇಗವೂ ದಿನಕ್ಕೆ ಎರಡು ಮಿಲಿಮೀಟರ್‌ವರೆಗೆ ಇರಬಹುದು. ಇಲ್ಲಿ ಹದಿನಾರನೇ ವಯಸ್ಸಿಗೆ ಮುಖ ಹೇಗಿರುತ್ತದೆ ಎಂಬ ಪ್ರಶ್ನೆಗೆ ಜಾಗವಿಲ್ಲ. ದವಡೆ ಎಳೆಯುವ ವಿದ್ಯೆ ತನ್ನ ಹೆಸರನ್ನು ನಿಜವಾಗಿ ಉಳಿಸಿಕೊಂಡಿರುವುದು ಈ ಕೂಸುಗಳಿಂದ.

ಇನ್ನೊಂದು ಗುಂಪು ನಮ್ಮ ದೇಶದಲ್ಲಿ ದೊಡ್ಡದು. ಹುಟ್ಟುವಾಗ ಮುಖ ಸರಿಯಿದ್ದು ಆಮೇಲೆ ಓರೆಯಾದವರು. ಮಗು ಮೆಟ್ಟಿಲಿನಿಂದ, ತಾರಸಿಯಿಂದ, ಮರದಿಂದ ಬಿದ್ದು ಗದ್ದಕ್ಕೆ ಪೆಟ್ಟಾಗುತ್ತದೆ. ಗದ್ದದ ಚರ್ಮ ಹರಿದದ್ದಕ್ಕೆ ಹೊಲಿಗೆ ಹಾಕಿಸಿ ಮನೆಗೆ ಬರುತ್ತಾರೆ. ಪೆಟ್ಟು ತಗುಲಿದ್ದು ಗದ್ದಕ್ಕೆ, ಮುರಿದದ್ದು ಕಿವಿಯ ಮುಂದಿನ ಕೀಲು, ಅದು ಯಾರ ಗಮನಕ್ಕೂ ಬಂದಿರುವುದಿಲ್ಲ. ಅಥವಾ ವರ್ಷಗಟ್ಟಲೆ ಸೋರುವ ಕಿವಿಯ ಸೋಂಕು ಪಕ್ಕದ ಕೀಲಿಗೆ ಹರಡುತ್ತದೆ. ಕೀಲು ಮೂಳೆಗಟ್ಟಿ ಬಾಯಿ ತೆರೆಯುವುದು ತಿಂಗಳಿಂದ ತಿಂಗಳಿಗೆ ಕಡಿಮೆಯಾಗಿ, ಕೊನೆಗೆ ಹಲ್ಲಿನ ಸಂದಿಯಲ್ಲಿ ಗಂಜಿ ಹೀರಿಕೊಂಡು ಬದುಕುವ ಸ್ಥಿತಿ. ಬೆಳೆಯುವ ಜಾಗವೇ ಕಟ್ಟಿಹೋದ್ದರಿಂದ ದವಡೆ ಸಣ್ಣದಾಗಿ ಉಳಿದು ಗದ್ದ ಆ ಪಕ್ಕಕ್ಕೆ ಸರಿಯುತ್ತದೆ. ಎರಡೂ ಕಡೆ ಕಟ್ಟಿದರೆ ಗದ್ದವೇ ಇಲ್ಲದಂತಾಗಿ ರಾತ್ರಿ ಗೊರಕೆ, ಉಸಿರು ನಿಂತು ನಿಂತು ಏಳುವುದು. ಇವರಿಗೆ ಕಟ್ಟಿದ ಕೀಲನ್ನು ಬಿಡಿಸುವುದು, ದವಡೆ ಎಳೆಯುವುದು ಎರಡೂ ಬೇಕು. ಉಸಿರಿನ ತೊಂದರೆ ಜೋರಿದ್ದರೆ ಮೊದಲು ಎಳೆದು ಆಮೇಲೆ ಕೀಲು ಬಿಡಿಸುವ ಸರ್ಜನ್‌ಗಳಿದ್ದಾರೆ.

ಹುಟ್ಟಿನಿಂದ ಬಂದದ್ದನ್ನು ತಡೆಯಲು ನಮ್ಮ ಕೈಯಲ್ಲಿ ಏನೂ ಇಲ್ಲ. ಇದನ್ನು ತಡೆಯಬಹುದು. ಗದ್ದಕ್ಕೆ ಪೆಟ್ಟು ಬಿದ್ದ ಮಗುವಿನ ಬಾಯಿಯನ್ನು ಗಾಯ ಮಾಯ್ದ ಮೇಲೂ ಕೆಲವು ತಿಂಗಳು ಗಮನಿಸಿ. ಮಗು ತನ್ನದೇ ಮೂರು ಬೆರಳುಗಳನ್ನು ಒಟ್ಟಾಗಿಸಿ ಮೇಲಿನ ಮತ್ತು ಕೆಳಗಿನ ಮುಂಹಲ್ಲುಗಳ ನಡುವೆ ನೆಟ್ಟಗೆ ಇಡಲು ಬರಬೇಕು. ಮೂರು ಇದ್ದದ್ದು ಎರಡಾದರೆ ದವಡೆಯ ಸರ್ಜನ್ ಬಳಿ ಹೋಗಬೇಕು. ಅಂಗನವಾಡಿ, ಶಾಲೆಗಳಿಗೆ ಬಂದು ಮಕ್ಕಳನ್ನು ತಪಾಸಣೆ ಮಾಡುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ 2013ರಿಂದ ನಡೆಯುತ್ತಿದೆ. ಅದರ ಪಟ್ಟಿಯಲ್ಲಿ ಸೀಳುತುಟಿ, ಸೀಳು ಅಂಗುಳಿಗೆ ಹೆಸರು ಹಿಡಿದು ಜಾಗವಿದೆ, ಓರೆ ದವಡೆಗೆ ಇಲ್ಲ. ಮೂರು ಬೆರಳಿನ ಈ ಪರೀಕ್ಷೆಗೆ ಅರ್ಧ ನಿಮಿಷ ಸಾಕು, ಉಪಕರಣ ಬೇಡ. ತಪಾಸಣೆಗೆ ಬರುವ ತಂಡಗಳು ಇದನ್ನು ಸೇರಿಸಿಕೊಳ್ಳಲು ಅಡ್ಡಿಯೇನೂ ಇಲ್ಲ.

ಹುಟ್ಟಿನಿಂದಲೇ ಮುಖ ಓರೆ ಇರುವ ಮಗು ಮನೆಯಲ್ಲಿದ್ದರೆ ಒಬ್ಬ ವೈದ್ಯರಿಗಿಂತ ಒಂದು ತಂಡ ಇರುವ ಕಡೆ ಹೋಗಿ. ದವಡೆಯ ಸರ್ಜನ್, ಪ್ಲಾಸ್ಟಿಕ್ ಸರ್ಜನ್, ವಕ್ರದಂತ ತಜ್ಞರು, ಕಿವಿ ಮೂಗು ಗಂಟಲಿನವರು, ಮಾತಿನ ಚಿಕಿತ್ಸಕರು ಒಂದೇ ಸೂರಿನಡಿ ಕೂತು ಮಗುವನ್ನು ನೋಡುವಂಥ ಕೇಂದ್ರಗಳು ಬೆಂಗಳೂರು, ಧಾರವಾಡ, ಮಂಗಳೂರುಗಳಲ್ಲಿವೆ. ಹೋದಾಗ ಕೇಳಲೇಬೇಕಾದ ಪ್ರಶ್ನೆ, ‘ಈಗ ಮಾಡದಿದ್ದರೆ ಏನು ಕೆಡುತ್ತದೆ, ಸಾರ್?’ ಉಸಿರು, ಊಟ, ನಿದ್ದೆ ಕೆಡುತ್ತದೆ ಎಂದರೆ ತಡಮಾಡಬೇಡಿ. ಏನೂ ಕೆಡುವುದಿಲ್ಲ ಎಂದರೆ ಮಗು ಬೆಳೆದು ತನ್ನ ಅಭಿಪ್ರಾಯ ಹೇಳುವಷ್ಟಾಗಲಿ. ಸಾಧನದ ಬೆಲೆ ಎಷ್ಟು, ಸರ್ಕಾರಿ ಯೋಜನೆಯಡಿ ಬರುತ್ತದೆಯೇ, ಆಮೇಲೆ ಎಷ್ಟು ಸಲ ಬರಬೇಕಾಗುತ್ತದೆ ಎಂಬುದನ್ನೂ ದಿನಾಂಕ ಗೊತ್ತುಮಾಡುವ ಮುಂಚೆಯೇ ಕೇಳಿಕೊಳ್ಳಿ. ಬೆನ್ನುಮೂಳೆ ಮತ್ತು ಮೂತ್ರಪಿಂಡಗಳ ತಪಾಸಣೆಯೂ ಆಗಲಿ, ಈ ಮಕ್ಕಳಲ್ಲಿ ಕೆಲವರಿಗೆ ಅಲ್ಲೂ ದೋಷವಿರುತ್ತದೆ.

ಎಲ್ಲಕ್ಕಿಂತ ಮೊದಲು ಕಿವಿ. ಹೊರಕಿವಿ ಚಿಕ್ಕದಿದ್ದರೆ ಆ ಪಕ್ಕದ ಶ್ರವಣ ಬಹುತೇಕ ಕಡಿಮೆ ಇರುತ್ತದೆ. ಇನ್ನೊಂದು ಕಿವಿ ಚೆನ್ನಾಗಿ ಕೇಳುವುದರಿಂದ ಮನೆಯವರಿಗೆ ಅದು ತಿಳಿಯುವುದೇ ಇಲ್ಲ. ಗದ್ದಲದ ತರಗತಿಯಲ್ಲಿ ಆ ಮಗು ಪಾಠ ತಪ್ಪಿಸಿಕೊಳ್ಳುತ್ತದೆ, ‘ಗಮನ ಕೊಡಲ್ಲ’ ಎಂದು ಬೈಸಿಕೊಳ್ಳುತ್ತದೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಹಸುಗೂಸಿನ ಶ್ರವಣವನ್ನೂ ಪರೀಕ್ಷಿಸುತ್ತಾರೆ. ಮೈಸೂರು ದೂರವಾದರೆ ನಿಮ್ಮ ಜಿಲ್ಲಾಸ್ಪತ್ರೆಯಲ್ಲಿ ವಿಚಾರಿಸಿ. ದವಡೆಯ ಬಗ್ಗೆ ತೀರ್ಮಾನಿಸಲು ವರ್ಷಗಳಿವೆ, ಶ್ರವಣ ಪರೀಕ್ಷೆಯನ್ನು ಈ ತಿಂಗಳೇ ಮಾಡಿಸಿ.